ಇವತ್ತು ಮೋರಿ ಯಾವ ಬಣ್ಣ?

ಬಾಸ್ಟನ್ ಸುತ್ತಮುತ್ತ ಇರುವ ನಮ್ಮವರಿಗೆ ಆಶ್‌ಲ್ಯಾಂಡ್ ಅಂದರೆ ಲಕ್ಷ್ಮಿ ದೇವಸ್ಥಾನ. ಯುಗಾದಿಗೆ ಹೋಗುತ್ತೇವೆ, ದೀಪಾವಳಿಗೆ ಹೋಗುತ್ತೇವೆ, ಹೊಸ ಕಾರು ತಗೊಂಡರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಲಿಕ್ಕೆ ಹೋಗುತ್ತೇವೆ, ಊರಿಂದ ಅಪ್ಪ ಅಮ್ಮ ಬಂದರೆ ಜೆಟ್‌ಲ್ಯಾಗ್ ಇಳಿಯುವ ಮೊದಲೇ ಕರೆದುಕೊಂಡು ಹೋಗುತ್ತೇವೆ. (ಅರ್ಧ ಭಕ್ತಿ, ಅರ್ಧ ಪುಳಿಯೋಗರೆ... ಸುಳ್ಳು ಯಾಕೆ ಹೇಳಲಿ :-) ) ದೇವಸ್ಥಾನದ ಮುಂದಿನ ರಸ್ತೆ ರೂಟ್ 135. ಬಾಸ್ಟನ್ ಮ್ಯಾರಥಾನ್ ಓಡುವುದೂ ಇದೇ ರಸ್ತೆಯಲ್ಲಿ. 1897ರಿಂದ 1923ರವರೆಗೆ ಮ್ಯಾರಥಾನ್ ಶುರುವಾಗುತ್ತಿದ್ದದ್ದೇ ಈ ಊರಿಂದ. ಎಲೆಕ್ಟ್ರಿಕ್ ಗಡಿಯಾರ ಮಾಡಿದ ಹೆನ್ರಿ ವಾರೆನ್ ಕೂಡ ಇದೇ ಊರಲ್ಲಿ ಇದ್ದವನು, ಅದಕ್ಕೇ ಇಲ್ಲಿಯ ಹೈಸ್ಕೂಲ್ ತಂಡಕ್ಕೆ 'ಕ್ಲಾಕರ್ಸ್' ಅಂತ ಹೆಸರು. ಇಷ್ಟೆಲ್ಲ ನನಗೆ ಗೊತ್ತಿತ್ತು. ಮೂರು ವರ್ಷ ಆ ದೇವಸ್ಥಾನಕ್ಕೆ ಹೋಗಿ ಬಂದೆ, ಅಲ್ಲಿಂದ ಕೆಲವೇ ನಿಮಿಷದ ದಾರಿಯಲ್ಲಿರುವ ಒಂದು ಗುಡ್ಡದ ಬಗ್ಗೆ ಮಾತ್ರ ನನಗೆ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಮನೆ ಹುಡುಕುವಾಗ.

ಇವಳಿಗೆ ಆಗ ನಾಲ್ಕು ತಿಂಗಳು. ನಮ್ಮ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಮಗು, ಅಪ್ಪ, ಅಮ್ಮ ಎಲ್ಲರನ್ನೂ ಹಿಡಿಸುವುದು ಸಾಧ್ಯವೇ ಇರಲಿಲ್ಲ. ಆಶ್‌ಲ್ಯಾಂಡಿನ ರೈಲ್ವೆ ಸ್ಟೇಷನ್ ಹತ್ತಿರ ಒಂದು ಹಳೇ ಮನೆ ಬಾಡಿಗೆಗಿದೆ ಅಂತ ಗೊತ್ತಾಗಿ ನೋಡಲು ಹೋದೆವು. ಮರದ ಮನೆ, ಹಿಂದೆ ಸ್ವಲ್ಪ ಹಿತ್ತಲು, ಒಂದು ಸೇಬಿನ ಮರ. ಬಾಡಿಗೆ ನಾವಂದುಕೊಂಡಿದ್ದಕ್ಕಿಂತ ಕಡಿಮೆ. ಇವಳು ಅಡುಗೆಮನೆ ನೋಡುತ್ತಿದ್ದಾಗ ನಾನು ಬೇಸ್‌ಮೆಂಟಿಗೆ ಇಳಿದೆ. ಮೂಲೆಯಲ್ಲಿ ನೆಲ ಕೊರೆದು ಒಂದು ಬಿಳೀ ಪೈಪು ಹಾಕಿದ್ದರು. ಅದು ಗೋಡೆಗುಂಟ ಮೇಲೆ ಹೋಗಿ ಮನೆಯ ಹೊರಗೆ ಮಾಡಿನ ತನಕ ಏರುತ್ತಿತ್ತು. ಸಣ್ಣಗೆ ಫ್ಯಾನ್ ತಿರುಗುವ ಸದ್ದು.

ಈ ಕಡೆಯ ಎಷ್ಟೋ ಮನೆಗಳಲ್ಲಿ ರೇಡಾನ್ ಅನ್ನುವ ಅನಿಲ ಹೊರಹಾಕಲು ಇಂಥ ಪೈಪು ಇರುತ್ತದೆ. ನೆಲದ ಕೆಳಗಿನ ಕಲ್ಲಿನಿಂದ ತಾನಾಗಿ ಬರುವ ಅನಿಲ ಅದು. "ರೇಡಾನ್ ಫ್ಯಾನಾ?" ಅಂತ ಕೇಳಿದೆ.

ಮನೆ ತೋರಿಸಲು ಬಂದವರು ಒಂದು ಕ್ಷಣ ಸುಮ್ಮನಿದ್ದು, "ಇಲ್ಲ, ಇದು ಇಪಿಎ ಹಾಕಿಸಿದ್ದು. ಆಫ್ ಮಾಡಬೇಡಿ, ಅಷ್ಟೇ" ಅಂದರು.

ಇಪಿಎ ಅಂದರೆ ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿ. ಬಾಡಿಗೆ ಮನೆಯ ಬೇಸ್‌ಮೆಂಟಿನಲ್ಲಿ ಕೇಂದ್ರ ಸರ್ಕಾರದ ಫ್ಯಾನು! ಅವತ್ತು ರಾತ್ರಿ ಇವಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಎದ್ದಾಗ ಮೂರು ಗಂಟೆ.

ವಿಷಯ ಇದು. ಸ್ಟೇಷನ್ನಿನ ಆಚೆ ಬದಿಗೆ ಮೆಗುಂಕೊ ಅನ್ನುವ ಗುಡ್ಡ ಇದೆ. 1660ರ ಸುಮಾರಿಗೆ ಜಾನ್ ಎಲಿಯಟ್ ಅನ್ನುವ ಪಾದ್ರಿ ಇಲ್ಲಿ ಕ್ರೈಸ್ತರಾದ ನಿಪ್ಮಕ್ ಮೂಲನಿವಾಸಿಗಳ ಒಂದು ಹಳ್ಳಿ ಕಟ್ಟಿಸಿದ್ದ, ಹೆಸರು ಆ ಕಾಲದ್ದು. ಗುಡ್ಡದ ಬುಡದಲ್ಲಿ 1917ರಲ್ಲಿ ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಕಾರ್ಖಾನೆ ಶುರುವಾಯಿತು. ಕಂಪನಿಗಳು ಒಂದಾದ ಮೇಲೊಂದು ಬದಲಾದವು, ಬಣ್ಣ ಬದಲಾಗಲಿಲ್ಲ. ಕೊನೆಗೆ 1965ರಲ್ಲಿ ಬಂದ ಕಂಪನಿಯ ಹೆಸರು ನ್ಯಾನ್ಜಾ. ಅದು 1978ರಲ್ಲಿ ಬಾಗಿಲು ಹಾಕಿತು. ಅರವತ್ತು ವರ್ಷ ಬಣ್ಣ ಮಾಡಿ ಉಳಿದದ್ದನ್ನೆಲ್ಲ ಏನು ಮಾಡಿದರು ಅಂದರೆ, ಒಂದಷ್ಟನ್ನು ಗುಡ್ಡದ ಮೇಲೆ ಹೂತರು, ಒಂದಷ್ಟನ್ನು ಪಕ್ಕದ ಜೌಗಿಗೂ ತೊರೆಗೂ ಬಿಟ್ಟರು. ಗುಡ್ಡದಲ್ಲಿ ಹೂತ ರಾಡಿಯೇ 45,000 ಟನ್ನಿಗಿಂತ ಹೆಚ್ಚು. ಅದರಲ್ಲಿ ಪಾದರಸ, ಕ್ರೋಮಿಯಂ, ಸೀಸ. ದ್ರಾವಕಗಳು ಬೇರೆ: ಕ್ಲೋರೋಬೆಂಜೀನ್, ನೈಟ್ರೋಬೆಂಜೀನ್, ಟ್ರೈಕ್ಲೋರೋಎಥಿಲೀನ್.

ಈ ದ್ರಾವಕಗಳು ಮಣ್ಣಿನಲ್ಲಿ ಇಳಿದು ಅಂತರ್ಜಲ ಸೇರಿ, ಅಂತರ್ಜಲದ ಜೊತೆ ನಿಧಾನಕ್ಕೆ ನದಿಯ ಕಡೆ ಹರಿಯುತ್ತವೆ. ದಾರಿಯಲ್ಲಿ ಮನೆಗಳಿವೆ. ಕುಡಿಯುವ ನೀರಿನ ಭಯ ಇಲ್ಲ, ಯಾಕೆಂದರೆ ಊರಿಗೆ ನೀರು ಬರುವುದು ಬೇರೆ ಕಡೆಯಿಂದ. ಆದರೆ ದ್ರಾವಕ ಆವಿಯಾಗುತ್ತದಲ್ಲ, ಅದು ಮಣ್ಣಿನ ಸಂದುಗಳಲ್ಲಿ ಮೇಲೇರಿ ಬೇಸ್‌ಮೆಂಟಿನ ಬಿರುಕುಗಳಿಂದ ಮನೆಯೊಳಕ್ಕೆ ಬರಬಹುದು. ಅದಕ್ಕೇ 2007ರಲ್ಲಿ ಸುಮಾರು ನಲವತ್ತು ಮನೆಗಳಿಗೆ ಇಪಿಎ ಈ ಪೈಪು ಫ್ಯಾನು ಹಾಕಿಸಿತು. ನೆಲದ ಕೆಳಗಿನ ಗಾಳಿಯನ್ನು ಎಳೆದು ಮಾಡಿನ ಮೇಲೆ ಬಿಡುವುದು, ಅಷ್ಟೇ ಅದರ ಕೆಲಸ. ಹಗಲೂ ರಾತ್ರಿ.

ಇಲ್ಲಿಯವರೆಗೆ ನಾನು ಓದಿದ್ದು ಒಬ್ಬ ಬಾಡಿಗೆದಾರನ ಹಾಗೆ. ಮನೆ ಬೇಕೋ ಬೇಡವೋ ಅನ್ನುವ ಲೆಕ್ಕದಲ್ಲಿ. ಆಮೇಲೆ ಒಂದು ಸಾಲು ಸಿಕ್ಕಿತು. ಕಾರ್ಖಾನೆಯಲ್ಲಿ ಆ ದಿನ ಯಾವ ಬಣ್ಣ ಮಾಡುತ್ತಾರೋ ತೊರೆ ಆ ಬಣ್ಣದಲ್ಲಿ ಹರಿಯುತ್ತಿತ್ತಂತೆ. ಊರವರು ಅದಕ್ಕೆ ಕೆಮಿಕಲ್ ಬ್ರೂಕ್ ಅಂತಲೇ ಹೆಸರಿಟ್ಟಿದ್ದರು. ಮಕ್ಕಳು ಕಾರ್ಖಾನೆಯ ಹಿಂದಿನ ಬಣ್ಣದ ಹೊಂಡಗಳಲ್ಲಿ ಆಡುತ್ತಿದ್ದರು, ಈಜುತ್ತಿದ್ದರು, ಚಳಿಗಾಲದಲ್ಲಿ ಬಣ್ಣದ ಐಸಿನ ಮೇಲೆ ಜಾರುತ್ತಿದ್ದರು. ಬಟ್ಟೆಗೆ ಬಣ್ಣ ಹತ್ತಿಸಿಕೊಂಡು ಮನೆಗೆ ಹೋಗಿ ಬೈಸಿಕೊಳ್ಳುತ್ತಿದ್ದರು.

ಓದುತ್ತಿದ್ದವನು ಅಲ್ಲೇ ನಿಂತುಬಿಟ್ಟೆ.

ನಮ್ಮೂರು ದೊಡ್ಡಬಳ್ಳಾಪುರ. ಗೊತ್ತಿದ್ದವರಿಗೆ ಗೊತ್ತು, ಮಗ್ಗದ ಊರು. ಬೆಳಗ್ಗೆ ಎದ್ದಾಗಿಂದ ಲಟಕ್ ಪಟಕ್ ಲಟಕ್ ಪಟಕ್. ನಮ್ಮ ಮನೆಯಲ್ಲಿ ಮಗ್ಗ ಇರಲಿಲ್ಲ, ಬಣ್ಣ ಇತ್ತು. ಅಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದರು. ಮನೆಯ ಹಿಂದೆ ಶೀಟು ಹೊದಿಸಿದ ಒಂದು ಶೆಡ್ಡು, ಅದರಲ್ಲಿ ಎರಡು ತೊಟ್ಟಿ, ಕೆಳಗೆ ಸೌದೆ ಒಲೆ. ಕುದಿಯುವ ನೀರಿನಲ್ಲಿ ಬಣ್ಣದ ಪುಡಿ ಕಲಸಿ, ಆಸಿಡ್ ಹಾಕಿ, ಕೋಲಿಗೆ ಸಿಕ್ಕಿಸಿದ ನೂಲಿನ ಲಡಿಗಳನ್ನು ಮುಳುಗಿಸಿ ತಿರುವಿ ತಿರುವಿ ಎತ್ತುವುದು. ಎಂ.ಎಸ್. ಬ್ಲೂ, ರಾಮಾ ಗ್ರೀನ್, ರಾಣಿ ಪಿಂಕ್, ಗಿಳಿಹಸಿರು, ಮೆಂತ್ಯೆ, ಕಾಫಿಪುಡಿ, ಆನಂದ... ಅಪ್ಪನಿಗೆ ಪುಸ್ತಕ ಬೇಡ, ತಕ್ಕಡಿಯೂ ಬೇಡ. ಗಿರಾಕಿ ಒಂದು ಎಳೆ ತಂದು ಕೊಟ್ಟರೆ ಬೆಳಕಿಗೆ ಹಿಡಿದು ನೋಡಿ ಅದೇ ಬಣ್ಣ ಇಳಿಸುತ್ತಿದ್ದರು. ಅಪ್ಪನ ಉಗುರಿನ ಸಂದಿ ಯಾವತ್ತೂ ಅಪ್ಪನ ಬಣ್ಣದಲ್ಲಿ ಇರಲಿಲ್ಲ. ಊಟಕ್ಕೆ ಕೂತಾಗ ಬಿಳೀ ಅನ್ನದ ಮೇಲೆ ನೀಲಿ ಬೆರಳು. ನನಗೆ ಅದು ವಿಚಿತ್ರ ಅಂತ ಗೊತ್ತಾಗಿದ್ದೇ ಹೈಸ್ಕೂಲಿನಲ್ಲಿ, ಗೆಳೆಯನೊಬ್ಬ ಕೇಳಿದಾಗ.

ತೊಟ್ಟಿಯ ನೀರು ಮೋರಿಗೆ. ನಮ್ಮ ಬೀದಿಯಲ್ಲಿ ಇನ್ನೂ ನಾಲ್ಕೈದು ಮನೆಯವರು ಇದೇ ಕೆಲಸ ಮಾಡುತ್ತಿದ್ದರು. ಸ್ಕೂಲಿಗೆ ಹೊರಟಾಗ ನಾನೂ ತಂಗಿಯೂ ಬಾಗಿಲು ದಾಟುವ ಮೊದಲೇ ಪಂದ್ಯ ಕಟ್ಟುತ್ತಿದ್ದೆವು. ಇವತ್ತು ಮೋರಿ ಯಾವ ಬಣ್ಣ? ಸೋತವರು ಗೆದ್ದವರ ಬ್ಯಾಗು ಬೀದಿಯ ಕೊನೆಯ ತನಕ ಹೊರಬೇಕು. ತಂಗಿ ಜಾಣೆ, ಹಿಂದಿನ ರಾತ್ರಿ ಅಪ್ಪ ಯಾವ ಡಬ್ಬ ತೆಗೆದಿಟ್ಟಿದ್ದಾರೆ ಅಂತ ನೋಡಿಕೊಂಡು ಮಲಗುತ್ತಿದ್ದಳು. ಬಿಳೀ ಹಾಳೆಯ ದೋಣಿ ಬಿಟ್ಟರೆ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಅದರ ಅಡಿ ಗುಲಾಬಿಯಾಗಿರುತ್ತಿತ್ತು. ಮೋರಿ ದೊಡ್ಡ ಮೋರಿ ಸೇರುತ್ತಿತ್ತು, ದೊಡ್ಡ ಮೋರಿ ಕೆರೆಯ ಕಡೆ ಹೋಗುತ್ತಿತ್ತು. ಅದರಾಚೆಗೆ ನಾವು ಯೋಚಿಸಿದವರಲ್ಲ.

ಹದಿಮೂರು ಸಾವಿರ ಕಿಲೋಮೀಟರ್ ದೂರದಲ್ಲಿ, ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ಅದೇ ಪಂದ್ಯ ಕಟ್ಟಿದ ಮಕ್ಕಳಿದ್ದರು. ವ್ಯತ್ಯಾಸ ಇಷ್ಟೇ. ಅವರಲ್ಲಿ ಎಷ್ಟು ಜನಕ್ಕೆ ಏನಾಯಿತು ಅಂತ ಯಾರೋ ಆಮೇಲೆ ಕೂತು ಲೆಕ್ಕ ಹಾಕಿದರು.

ಆ ಲೆಕ್ಕ ಶುರುವಾಗಿದ್ದೂ ಸರ್ಕಾರದಿಂದಲ್ಲ. ಆಶ್‌ಲ್ಯಾಂಡಿನ ಒಬ್ಬ ತರುಣನಿಗೆ ಅಪರೂಪದ ಕ್ಯಾನ್ಸರ್ ಬಂತು. ತನ್ನ ಜೊತೆ ಆಡಿದ ಗೆಳೆಯರಲ್ಲೂ ಕೆಲವರಿಗೆ ಕ್ಯಾನ್ಸರ್ ಇರುವುದನ್ನು ಅವನು ಗಮನಿಸಿದ, ಅವನೂ ಮನೆಯವರೂ ಕೇಳತೊಡಗಿದರು. ರಾಜ್ಯದ ಆರೋಗ್ಯ ಇಲಾಖೆ ಅಧ್ಯಯನ ಕೈಗೆತ್ತಿಕೊಂಡಿತು. 1965ರಿಂದ 1985ರ ನಡುವೆ ಹತ್ತರಿಂದ ಹದಿನೆಂಟು ವಯಸ್ಸಿನಲ್ಲಿ ಆ ಊರಲ್ಲಿದ್ದವರನ್ನು ಹುಡುಕಿ ಹುಡುಕಿ ಪ್ರಶ್ನೆ ಕೇಳಿದರು. ಹೊಂಡದಲ್ಲಿ ಇಳಿದಿದ್ದೆಯಾ? ಎಷ್ಟು ಸಲ? ಈಜಿದ್ದೆಯಾ, ಕಾಲು ಮಾತ್ರ ಅದ್ದಿದ್ದೆಯಾ? 2006ರಲ್ಲಿ ವರದಿ ಬಂತು. ಆ ನೀರಿಗೆ ಇಳಿದವರಲ್ಲಿ ಕ್ಯಾನ್ಸರ್ ಪ್ರಮಾಣ ಇಳಿಯದವರಿಗಿಂತ ಎರಡರಿಂದ ಮೂರು ಪಟ್ಟು. ನೀರಿಗೂ ಇಳಿದು ಕುಟುಂಬದಲ್ಲೂ ಕ್ಯಾನ್ಸರ್ ಇದ್ದರೆ ಸುಮಾರು ನಾಲ್ಕು ಪಟ್ಟು.

ಬೆಳಗ್ಗೆ ಎಲ್ಲವನ್ನೂ ಇವಳಿಗೆ ಹೇಳಿದೆ. ಇವಳು ಟೆಸ್ಟಿಂಗ್ ಟೀಮಿನವಳು, ನನ್ನಷ್ಟು ಬೇಗ ಹೆದರುವುದಿಲ್ಲ. ಟೀ ಕುಡಿಯುತ್ತ ಎಲ್ಲ ಕೇಳಿಸಿಕೊಂಡು, "ಒಂದು ರೀತೀಲಿ ನಾವು ನೋಡಿದ ಮನೆಗಳಲ್ಲೆಲ್ಲ ಕೆಳಗೆ ಏನಿದೆ ಅಂತ ಅಳೆದು ನೋಡಿರೋದು ಆ ಮನೆ ಒಂದನ್ನೇ ಅಲ್ವಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆದರೂ ಮನೆ ಬೇಡ ಅಂತಲೇ ಆಯಿತು, ಹೊಟ್ಟೆಯಲ್ಲಿ ಮಗು ಇರುವಾಗ ತರ್ಕ ನಡೆಯುವುದಿಲ್ಲ. ಪಕ್ಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ಹಿಡಿದೆವು. ಸೇರಿದ ವಾರವೇ ವಾಕಿಂಗ್ ಹೋದಾಗ ನೋಡುತ್ತೇನೆ, ಹತ್ತಿರದಲ್ಲೇ ಒಂದು ಚಂದದ ಜಲಾಶಯ, ದಂಡೆಯಲ್ಲಿ ಬೋರ್ಡು: ಇಲ್ಲಿಯ ಮೀನು ತಿನ್ನಬೇಡಿ. ಅದೇ ಸಡ್‌ಬರಿ ನದಿ, ಅದೇ ಪಾದರಸ. ಮನೆ ಬದಲಾಯಿಸಿ ನಾವು ಹೋಗಿದ್ದು ಹೊಳೆಯ ಕೆಳಗಿನ ದಿಕ್ಕಿಗೆ! ಇವಳು ನಗುತ್ತ ನಗುತ್ತ ಅಲ್ಲೇ ಬೆಂಚಿನ ಮೇಲೆ ಕೂತಳು.

ಪಾದರಸ ಅಲ್ಲಿಗೆ ಹೇಗೆ ಬಂತು ಅನ್ನುವುದೇ ಒಂದು ಕಥೆ. ಆಂಥ್ರಾಕ್ವಿನೋನ್ ಅನ್ನುವ ವಸ್ತುವಿನಿಂದ ಹೊಳೆಯುವ ನೀಲಿ, ನೇರಳೆ ಬಣ್ಣಗಳನ್ನು ಮಾಡುತ್ತಾರೆ. ಅದರ ಅಣುವಿನಲ್ಲಿ ಬೇಕಾದ ಜಾಗಕ್ಕೇ ಗಂಧಕಾಮ್ಲದ ಗುಂಪು ಅಂಟಬೇಕಾದರೆ ಸ್ವಲ್ಪ ಪಾದರಸ ಹಾಕಬೇಕು. ಹಾಕದಿದ್ದರೆ ಅದು ಬೇರೆ ಜಾಗಕ್ಕೆ ಅಂಟುತ್ತದೆ. ಪಾದರಸ ಬಣ್ಣದಲ್ಲಿ ಸೇರುವುದಿಲ್ಲ, ಕೆಲಸ ಮಾಡಿಸಿ ಹೊರಗೆ ಬರುತ್ತದೆ. ಹೊರಗೆ ಬಂದದ್ದನ್ನು ಅವರು ಬಿಟ್ಟರು. 1940ರಿಂದ 1970ರವರೆಗೆ ನದಿಗೆ ಸೇರಿದ್ದು ಸುಮಾರು 45ರಿಂದ 57 ಟನ್ ಅಂತ ಅಂದಾಜು. ಜ್ವರ ನೋಡುವ ಹಳೇ ಥರ್ಮಾಮೀಟರಿನಲ್ಲಿ ಒಂದು ಗ್ರಾಂ ಇರುವುದೂ ಕಷ್ಟ, ನೆನಪಿರಲಿ.

ಜೌಗು ನೆಲದ ಪಾತ್ರ ಇರುವುದು ಇಲ್ಲೇ. ಪಾದರಸ ಸುಮ್ಮನೆ ಕೆಸರಿನಲ್ಲಿ ಕೂತಿದ್ದರೆ ಅಷ್ಟು ಕೇಡಿಲ್ಲ. ಆದರೆ ಜೌಗಿನ ಕೆಸರಲ್ಲಿ ಆಮ್ಲಜನಕ ಇರುವುದಿಲ್ಲ, ಅಲ್ಲಿ ಗಂಧಕದ ಲವಣ ಉಸಿರಾಡುವ ಬ್ಯಾಕ್ಟೀರಿಯಾ ಬದುಕುತ್ತವೆ. ಅವು ಪಾದರಸವನ್ನು ಮೀಥೈಲ್ ಪಾದರಸ ಮಾಡುತ್ತವೆ. ಅದು ಹುಳದಿಂದ ಸಣ್ಣ ಮೀನಿಗೆ, ಸಣ್ಣ ಮೀನಿಂದ ದೊಡ್ಡ ಮೀನಿಗೆ, ದೊಡ್ಡ ಮೀನಿಂದ ತಿಂದವರ ಮೈಗೆ, ಪ್ರತಿ ಮೆಟ್ಟಿಲಿಗೂ ಹೆಚ್ಚುತ್ತ ಹೋಗುತ್ತದೆ. ಬಸುರಿ ತಿಂದರೆ ಹೊಟ್ಟೆಯ ಮಗುವಿನ ಮಿದುಳಿಗೆ. ಜೌಗು ನೀರನ್ನು ಸೋಸುತ್ತದೆ ಅಂತ ನಾವು ಸ್ಕೂಲಲ್ಲಿ ಓದಿದ್ದೇವೆ, ಅದು ನಿಜ. ಸೋಸಿ ಹಿಡಿದಿಟ್ಟುಕೊಂಡದ್ದನ್ನು ಅದು ಏನು ಮಾಡುತ್ತದೆ ಅಂತ ಪಾಠದಲ್ಲಿ ಇರಲಿಲ್ಲ.

ಇನ್ನು ಕ್ಲೀನ್ ಮಾಡಿದ್ದು. 1980ರಲ್ಲಿ ಅಮೆರಿಕದಲ್ಲಿ ಸೂಪರ್‌ಫಂಡ್ ಅನ್ನುವ ಕಾನೂನು ಬಂತು. ಕೊಳಕು ಮಾಡಿದವರು ಸಿಕ್ಕರೆ ಅವರಿಂದ ವಸೂಲಿ, ಇಲ್ಲದಿದ್ದರೆ ನಿಧಿಯಿಂದ ಖರ್ಚು. ನಿಧಿಗೆ ದುಡ್ಡು ಬರುತ್ತಿದ್ದದ್ದು ಪೆಟ್ರೋಲಿಯಂ ಮತ್ತು ಕೆಮಿಕಲ್ ಕಂಪನಿಗಳ ಮೇಲಿನ ತೆರಿಗೆಯಿಂದ. 1995ರ ಕೊನೆಗೆ ಆ ತೆರಿಗೆ ಮುಗಿಯಿತು. ಕೆಮಿಕಲ್‌ಗಳ ಮೇಲಿನ ತೆರಿಗೆಯನ್ನು ಮತ್ತೆ ತಂದಿದ್ದು 2021ರ ಕಾನೂನು. ನಡುವಿನ ಕಾಲು ಶತಮಾನ ಈ ಕೆಲಸಕ್ಕೆ ದುಡ್ಡು ಬಂದದ್ದು ಹೆಚ್ಚಾಗಿ ಜನಸಾಮಾನ್ಯರ ತೆರಿಗೆಯಿಂದ. ಈ ಜಾಗ 1983ರಲ್ಲಿ ಪಟ್ಟಿಗೆ ಸೇರಿತು, ಇನ್ನೂ ಪಟ್ಟಿಯಲ್ಲೇ ಇದೆ.

ನಾನು 'ಕ್ಲೀನಪ್' ಅಂದರೆ ಎಲ್ಲ ತೆಗೆದುಕೊಂಡು ಹೋಗಿ ಎಲ್ಲೋ ಇಲ್ಲವಾಗಿಸುವುದು ಅಂದುಕೊಂಡಿದ್ದೆ. ಹಾಗಲ್ಲ. ಪಾದರಸ ಮೂಲವಸ್ತು. ಸುಟ್ಟರೆ ಹೊಗೆಯಲ್ಲಿ ಹೋಗುತ್ತದೆ, ತೊಳೆದರೆ ನೀರಲ್ಲಿ ಹೋಗುತ್ತದೆ, ಇಲ್ಲವಾಗುವುದಿಲ್ಲ. ಅವರು ಮಾಡಿದ್ದು ಅಲ್ಲಲ್ಲಿ ಚದುರಿದ್ದ ರಾಡಿಯನ್ನು ಗುಡ್ಡದ ಮೇಲೆ ಒಂದೇ ಕಡೆ ಗುಡ್ಡೆ ಹಾಕಿ, ಮೇಲೆ ನೀರಿಳಿಯದ ಹೊದಿಕೆ ಹೊದಿಸಿ, ಅದರ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸಿದ್ದು. ಮೇಲಿನಿಂದ ಬರುವ ನೀರು ರಾಡಿ ಮುಟ್ಟದೆ ಬಳಸಿಕೊಂಡು ಹೋಗುವ ಹಾಗೆ ದಾರಿ ಮಾಡಿದರು. ಆಮೇಲೆ 1993ರಲ್ಲಿ ಪೂರ್ವದ ಜೌಗಿನ ಬಗ್ಗೆ ತೀರ್ಮಾನವಾಯಿತು. ಪಾದರಸ ತುಂಬಿದ ಕೆಸರನ್ನು ಜೌಗಿನಿಂದ, ತೊರೆಗಳಿಂದ ಅಗೆದು ತೆಗೆದು, ಅದನ್ನೂ ಗುಡ್ಡದ ಮೇಲಕ್ಕೇ ಸಾಗಿಸಿ, ಅಗೆದ ಜಾಗಕ್ಕೆ ಹೊಸ ಮಣ್ಣು ತುಂಬಿ ಜೌಗಿನ ಗಿಡಗಳನ್ನು ಮತ್ತೆ ನೆಟ್ಟರು. ಆ ಕೆಲಸ ಮುಗಿದಾಗ 2001. ಅಲ್ಲಿಗೆ ಕಾರ್ಖಾನೆ ಮುಚ್ಚಿ ಇಪ್ಪತ್ತಮೂರು ವರ್ಷ. ನದಿಯ ಕಥೆ ಇನ್ನೂ ಉದ್ದ. ಕೆಸರನ್ನೆಲ್ಲ ಕೆದಕಿದರೆ ಮಲಗಿರುವ ಪಾದರಸ ಎದ್ದು ಹರಡುತ್ತದೆ ಅನ್ನುವ ಭಯ ಬೇರೆ. 2010ರಲ್ಲಿ ಇಪಿಎ ಮಾಡಿದ ತೀರ್ಮಾನ: ಫ್ರೇಮಿಂಗ್‌ಹ್ಯಾಮ್‌ನ ಎರಡನೇ ಜಲಾಶಯದ ತಳಕ್ಕೆ ತೆಳ್ಳಗೆ ಮರಳು ಹಾಸುವುದು, ಉಳಿದ ಕಡೆ ಹೊಸ ಹೂಳು ತಾನಾಗಿ ಮುಚ್ಚುತ್ತದೆಯೋ ಅಂತ ಅಳೆಯುತ್ತ ಕಾಯುವುದು.

ಮೊದಲಿಗೆ ನನಗೆ ಸಿಟ್ಟು ಬಂತು. ಇದೇನು, ಕಸ ಗುಡಿಸಿ ಮೂಲೆಗೆ ತಳ್ಳಿ ಚಾಪೆ ಹಾಸಿದ ಹಾಗೆ! ಆಮೇಲೆ ನಮ್ಮ ಆಫೀಸಿನ ಒಂದು ಹಳೇ ಮಾಡ್ಯೂಲ್ ನೆನಪಾಯಿತು. ಬರೆದವನು ಬಿಟ್ಟು ಹೋಗಿ ಹದಿನೈದು ವರ್ಷ. ಅದನ್ನು ಕಿತ್ತರೆ ಇನ್ನೇನು ಬೀಳುತ್ತದೋ ಗೊತ್ತಿಲ್ಲ. ಅದಕ್ಕೆ ಸುತ್ತ ಒಂದು ಗೋಡೆ ಕಟ್ಟಿ, ಮೇಲೆ 'ಮುಟ್ಟಬೇಡಿ' ಅಂತ ಬರೆದು, ಅಲಾರಂ ಇಟ್ಟು ಕಾಯುತ್ತೇವೆ. ವ್ಯತ್ಯಾಸ ಏನೆಂದರೆ ಇಲ್ಲಿ ಕಾನೂನಿದೆ: ವಿಷ ಅಲ್ಲೇ ಉಳಿದಿದ್ದರೆ ಐದು ವರ್ಷಕ್ಕೊಮ್ಮೆ ಬಂದು ಪರೀಕ್ಷೆ ಮಾಡಲೇಬೇಕು. ನಮ್ಮ ಮಾಡ್ಯೂಲಿಗೆ ಅದೂ ಇಲ್ಲ.

ಕಳೆದ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದರು. ವಾಡಿಕೆಯಂತೆ ಮೊದಲ ಶನಿವಾರ ದೇವಸ್ಥಾನ. ಪೂಜೆ, ಪ್ರಸಾದ ಎಲ್ಲ ಆದ ಮೇಲೆ ಅಮ್ಮನೂ ಇವಳೂ ಯಾರೋ ಪರಿಚಯದವರ ಜೊತೆ ಮಾತಿಗೆ ಕೂತರು. ನಾನು ಅಪ್ಪನನ್ನು "ಬನ್ನಿ, ಒಂದು ಬಣ್ಣದ ಫ್ಯಾಕ್ಟರಿ ತೋರಿಸ್ತೀನಿ" ಅಂತ ಕರೆದುಕೊಂಡು ಹೋದೆ. ಅಲ್ಲಿ ಫ್ಯಾಕ್ಟರಿ ಇಲ್ಲ ಅಂತ ಹೇಳಲಿಲ್ಲ.

ಗುಡ್ಡಕ್ಕೆ ಬೇಲಿ. ಒಳಗೆ ಹುಲ್ಲು. ನೋಡಲು ಏನೂ ಇಲ್ಲ, ನಿಜವಾಗಿಯೂ ಏನೂ ಇಲ್ಲ. ಹತ್ತಿರದಲ್ಲೇ ಒಂದು ಪುಟ್ಟ ಕೈತೋಟ ಇದೆ. ಇದೇ ಊರಲ್ಲಿ ಬೆಳೆದ ಡ್ಯಾನ್ ಬೊರೆಲ್ಲಿ ಅನ್ನುವ ಕಲಾವಿದ ಊರವರ ಜೊತೆ ಸೇರಿ ಮಾಡಿದ್ದು. 2015ರ ಸುಮಾರಿನಲ್ಲಿ ಅವರು ಇನ್ನೊಂದು ಕೆಲಸ ಮಾಡಿದ್ದರು: ನೆಲದ ಕೆಳಗೆ ವಿಷ ಎಲ್ಲೆಲ್ಲಿ ಹರಡಿದೆಯೋ ಆ ಬೀದಿಗಳ ದೀಪಗಳಿಗೆ ಬಣ್ಣದ ಹಾಳೆ ಹೊದಿಸಿದರು. ಕತ್ತಲಾದರೆ ಕೆಳಗಿರುವುದು ಮೇಲೆ ಕಾಣಬೇಕು ಅಂತ. ಅಪ್ಪನಿಗೆ ಇದನ್ನೆಲ್ಲ ಹೇಳುತ್ತ ಹೋದೆ. ತೊರೆಯ ಬಣ್ಣ, ಹೊಂಡ, ಮಕ್ಕಳು. ಅಪ್ಪ ಕೇಳುತ್ತಲೇ ಇದ್ದರು, ನಡುವೆ ಒಮ್ಮೆ ಮಾತ್ರ, "ಯಾವ ಬಣ್ಣ ಮಾಡೋರಂತೆ?" ಅಂದರು. ನಾನು ನೀಲಿ, ನೇರಳೆ ಅಂದೆ. "ಹ್ಞೂಂ. ನೀಲಿ ಬೇಗ ಬಿಡಲ್ಲ" ಅಂದರು, ಕಸುಬಿನವರ ದನಿಯಲ್ಲಿ.

ಆಮೇಲೆ ಆರೋಗ್ಯ ಇಲಾಖೆಯ ವರದಿ ಹೇಳಿದೆ. ಎರಡು ಪಟ್ಟು, ಮೂರು ಪಟ್ಟು. ಹೇಳಬಾರದಿತ್ತೇನೋ. ಅಪ್ಪ ತುಂಬ ಹೊತ್ತು ಬೆಂಚಿನ ಮೇಲೆ ಕೂತರು.

"ನಮ್ಮ ಬೀದೀಲಿ ಹೀಗೆ ಯಾರಾದ್ರೂ ಲೆಕ್ಕ ಹಾಕಿದಾರಾ?"

ಇಲ್ಲ ಅಂದೆ. ಅಪ್ಪ ಬೆರಳು ಮಡಚುತ್ತ ತಾವೇ ಶುರು ಮಾಡಿದರು. ಎದುರು ಮನೆಯಲ್ಲಿ ತೊಟ್ಟಿ ಕೆಲಸಕ್ಕಿದ್ದವನು. ಅವನಿಗೆ ಮೂತ್ರಕೋಶದ್ದು. ಮೂಲೆ ಮನೆಯ ಹೆಂಗಸು. ಅವರದು ಏನು ಅಂತ ಗೊತ್ತೇ ಆಗಲಿಲ್ಲ. ಇನ್ನೊಬ್ಬರು ಬೀಡಿ ಸೇದುತ್ತಿದ್ದರು, ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ. ನಾಲ್ಕನೇ ಬೆರಳಿಗೆ ನಿಲ್ಲಿಸಿ ಕೈ ಬಿಚ್ಚಿದರು. "ಎಲ್ಲಾ ಕಡೆ ಜನ ಸಾಯ್ತಾರೆ, ಅದು ಬಣ್ಣದಿಂದಾನೇ ಅಂತ ಹೇಗೆ ಹೇಳೋದು" ಅಂದರು. ಅದೂ ಸರಿಯೇ. ನಮ್ಮ ಬೀದಿಯವರು ಬಣ್ಣ ಹಾಕಿದವರು, ಬಣ್ಣ ತಯಾರಿಸಿದವರಲ್ಲ. ಪಾದರಸದ ಕೆಲಸವೇ ನಮ್ಮಲ್ಲಿರಲಿಲ್ಲ. ಎರಡು ತೊಟ್ಟಿಯ ಶೆಡ್ಡನ್ನು ಆ ಕಾರ್ಖಾನೆಯ ಪಕ್ಕ ಇಟ್ಟು ನೋಡುವುದು ಅನ್ಯಾಯ ಕೂಡ. ಅಪ್ಪ ಕೆಟ್ಟ ಕೆಲಸ ಮಾಡಿದರು ಅಂತ ನಾನು ಹೇಳಲಾರೆ. ನನ್ನ ಎಂಜಿನಿಯರಿಂಗ್ ಫೀಸು ಕಟ್ಟಿದ್ದು ಆ ಮೋರಿಯ ಬಣ್ಣವೇ. ಆದರೆ ಬಣ್ಣದ ಡಬ್ಬದ ಮೇಲೆ ಏನು ಬರೆದಿತ್ತು ಅಂತ ಕೇಳಿದರೆ ಅಪ್ಪನಿಗೆ ಗೊತ್ತಿಲ್ಲ. ನಂಬರು ಗೊತ್ತು, ಬಣ್ಣ ಗೊತ್ತು. ಒಳಗೆ ಏನಿದೆ ಅಂತ ಮಾರಿದವರು ಹೇಳಲಿಲ್ಲ, ಇವರು ಕೇಳಲಿಲ್ಲ. ಕೆಲವು ಆಸಿಡ್ ಡೈಗಳಲ್ಲಿ ಕ್ರೋಮಿಯಂ ಇರುತ್ತದೆ ಅಂತ ನನಗೆ ತಿಳಿದಿದ್ದೂ ಇಲ್ಲಿ ಓದಿದ ಮೇಲೆ. ಊರಿನ ಕೊಳಚೆ, ಕಾರ್ಖಾನೆಗಳ ನೀರು ಎರಡೂ ಹೋಗಿ ಸೇರುವ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗಾಗಿ ಹಳ್ಳಿಯವರು ಹೋರಾಡುತ್ತಿರುವ ಸುದ್ದಿ ಬಂದಾಗಲೆಲ್ಲ ಅಪ್ಪ ಟಿವಿ ಚಾನೆಲ್ ಬದಲಾಯಿಸುತ್ತಿದ್ದರು ಅಂತ ತಂಗಿ ಆಮೇಲೆ ಹೇಳಿದಳು.

ಕಾರಿಗೆ ವಾಪಸ್ ನಡೆಯುವಾಗ ಅಪ್ಪ ಇದ್ದಕ್ಕಿದ್ದ ಹಾಗೆ, "ಹಿತ್ತಲ ಗುಂಡಿ ನೆನಪಿದೆಯೇನೋ?" ಅಂದರು.

ನೆನಪಿತ್ತು. ತೊಟ್ಟಿಯ ತಳದಲ್ಲಿ ನಿಲ್ಲುವ ಗಷ್ಟು ಮೋರಿಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ ಅಂತ ಹಿತ್ತಲಲ್ಲಿ ಒಂದು ಗುಂಡಿ ತೋಡಿದ್ದರು. ಇಪ್ಪತ್ತು ವರ್ಷದ ಗಷ್ಟು ಅದರೊಳಗೆ. 2018ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅಪ್ಪ ಕೆಲಸ ನಿಲ್ಲಿಸಿದರು, ಶೆಡ್ಡು ಕಳಚಿದರು, ಗುಂಡಿಗೆ ಕಟ್ಟಡದ ಚೂರು ತುಂಬಿ ಮೇಲೆ ಎರಡು ಟ್ರಾಕ್ಟರ್ ಕೆಮ್ಮಣ್ಣು ಹೊಡೆಸಿದರು. ಅದರ ಮೇಲೆ ಅಮ್ಮ ಕರಿಬೇವು ಹಾಕಿದಳು. ಎಂಥಾ ಕರಿಬೇವು ಅಂತೀರಿ! ಎದುರು ಮನೆ, ಪಕ್ಕದ ಮನೆ, ದೇವಸ್ಥಾನದ ಅಡುಗೆಗೆ ಎಲ್ಲ ಅಲ್ಲಿಂದಲೇ. ಪ್ರತಿ ಸಲ ಯಾರಾದರೂ ಅಮೆರಿಕಕ್ಕೆ ಬಂದರೆ ಅವರ ಸೂಟ್‌ಕೇಸಿನಲ್ಲಿ ನಮಗೆ ಒಂದು ಡಬ್ಬಿ ಕರಿಬೇವಿನ ಚಟ್ನಿಪುಡಿ. ಬಸುರಿಗೆ ಕಬ್ಬಿಣದ ಅಂಶ ಒಳ್ಳೆಯದು ಅಂತ ಈ ಸಲ ಎರಡು ಡಬ್ಬಿ.

ಇಬ್ಬರೂ ಮಾತಾಡಲಿಲ್ಲ. ದೇವಸ್ಥಾನದ ಬಾಗಿಲಲ್ಲಿ ಅಮ್ಮ, "ಫ್ಯಾಕ್ಟರಿ ಚೆನ್ನಾಗಿತ್ತಾ?" ಅಂತ ಕೇಳಿದಳು. "ಮುಚ್ಚಿಹೋಗಿದೆ ಕಣೆ" ಅಂದರು ಅಪ್ಪ.

ಸೆಪ್ಟೆಂಬರಿನಲ್ಲಿ ಮಗಳು ಹುಟ್ಟಿದಳು. ಆರೋಗ್ಯವಾಗಿದ್ದಾಳೆ. ಬಾಣಂತನ ಮುಗಿಸಿ ಅಪ್ಪ ಅಮ್ಮ ಊರಿಗೆ ಹೊರಟಾಗ ಅಪ್ಪನ ಜೇಬಿನಲ್ಲಿ ನಾನು ಬರೆದುಕೊಟ್ಟ ಚೀಟಿ ಇತ್ತು: ಎಷ್ಟು ಆಳದಿಂದ ಮಣ್ಣು ತೆಗೆಯಬೇಕು, ಗಿಡದ ಬುಡದಿಂದ ಎಷ್ಟು ದೂರ, ಎಲೆಯನ್ನು ತೊಳೆದು ಬೇರೆ ಪೊಟ್ಟಣದಲ್ಲಿ. ಹೋದ ವಾರ ವಿಡಿಯೋ ಕಾಲ್ ಮಾಡಿ ತೋರಿಸಿದರು. ಮೂರು ಹಾರ್ಲಿಕ್ಸ್ ಬಾಟಲಿ, ಮೇಲೆ ಪೆನ್ನಿನಲ್ಲಿ ಒಂದಡಿ, ಎರಡಡಿ, ನಾಲ್ಕಡಿ ಅಂತ ಬರೆದ ಚೀಟಿ. ಮೊದಲ ಎರಡರಲ್ಲಿ ಕೆಮ್ಮಣ್ಣು. ಮೂರನೆಯದನ್ನು ಅಪ್ಪ ಕಿಟಕಿಯ ಬೆಳಕಿಗೆ ಹಿಡಿದರು, ಹಿಂದೆ ಎಳೆ ಹಿಡಿದು ನೋಡುತ್ತಿದ್ದ ಹಾಗೆಯೇ. "ರಾಣಿ ಪಿಂಕ್. ಇನ್ನೂ ಹಂಗೇ ಐತೆ ನೋಡೋ" ಅಂದರು.

ಬಾಟಲಿಗಳು ಬೆಂಗಳೂರಿನ ಒಂದು ಲ್ಯಾಬಿಗೆ ಹೋಗಿವೆ. ರಿಪೋರ್ಟಿಗೆ ಮೂರು ವಾರ ಅಂದಿದ್ದಾರೆ. ಅಮ್ಮನಿಗೆ ಸಿಟ್ಟು, ಮನೆಯಲ್ಲಿ ಮರ ಇಟ್ಟುಕೊಂಡು ಅಂಗಡಿಯಿಂದ ಕರಿಬೇವು ತರಬೇಕಲ್ಲ ಅಂತ. ನಮ್ಮ ಅಡುಗೆಮನೆಯಲ್ಲಿ ಮೊದಲನೇ ಡಬ್ಬಿ ಖಾಲಿಯಾಗಿ ಎಷ್ಟೋ ದಿನ ಆಯಿತು. ಎರಡನೆಯದನ್ನು ಇವಳು ಎಸೆಯಲೂ ಇಲ್ಲ, ತೆರೆಯಲೂ ಇಲ್ಲ, ಮೇಲಿನ ಶೆಲ್ಫಿನಲ್ಲಿ ಹಿಂದಕ್ಕೆ ಸರಿಸಿಟ್ಟಿದ್ದಾಳೆ.